ಹಸಿರು ಚೌಕದ ಕೆಳಗೆ ಬಿದ್ದ ಸೋನೆ

ನಮ್ಮ ಪತ್ರಿಕೆಯ ಮುಖಪುಟದ ಬಲತುದಿಯಲ್ಲಿದ್ದ ಹವಾಮಾನ ಚೌಕ ನನ್ನದೇ ಯೋಚನೆ. ಒಂದು ಕಾಲಂ ಅಗಲ, ಏಳು ಸೆಂಟಿಮೀಟರ್ ಎತ್ತರ. ಅದರೊಳಗೆ ನಮ್ಮ ಪತ್ರಿಕೆ ಹೆಚ್ಚಾಗಿ ಹೋಗುವ ನಾಲ್ಕು ತಾಲ್ಲೂಕಿಗೆ ನಾಲ್ಕು ಮನೆ: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಪ್ರತಿ ಸಂಜೆ ಹವಾಮಾನ ಇಲಾಖೆಯ ಪ್ರಕಟಣೆ ತೆರೆದು, ಜಿಲ್ಲೆಗೆ ಯಾವ ಬಣ್ಣದ ಎಚ್ಚರಿಕೆ ಬಂದಿದೆಯೋ ಆ ಬಣ್ಣವನ್ನು ಮನೆಗಳಿಗೆ ತುಂಬುವುದು. ಇಲಾಖೆ ಕೊಡುವುದು ಇಡೀ ಜಿಲ್ಲೆಗೆ ಒಂದೇ ಬಣ್ಣ. ಹಾಗಾಗಿ ನಾಲ್ಕೂ ಮನೆ ಯಾವಾಗಲೂ ಒಂದೇ ಥರ ಇರುತ್ತಿದ್ದವು. "ನಾಲ್ಕು ಜನ ಅಕ್ಕತಂಗೀರಿಗೆ ಒಂದೇ ಥಾನಲ್ಲಿ ಲಂಗ ಹೊಲಿಸಿದಂಗಿದೆ ಮೇಡಂ" ಎಂದು ಪುಟ ಕಟ್ಟುವಾತ ನಗುತ್ತಿದ್ದ. ಓದುಗರಿಗೆ ಮಾತ್ರ ಚೌಕ ಹಿಡಿಸಿತ್ತು. ಚಹಾ ಅಂಗಡಿಗಳಲ್ಲಿ ಜನ ಪತ್ರಿಕೆ ಬಿಡಿಸುವ ಮೊದಲೇ ಬಲತುದಿ ನೋಡುವುದನ್ನು ನಾನೇ ಕಂಡಿದ್ದೆ. ಅದನ್ನು ಕಂಡು ಸ್ವಲ್ಪ ಉಬ್ಬಿಯೂ ಇದ್ದೆ.

ಬಣ್ಣದ ಕೆಳಗೆ ಒಂದು ಸಾಲು ಇರುತ್ತಿತ್ತು. ಹಳದಿಗೆ "ಗಮನವಿರಲಿ", ಕಿತ್ತಳೆಗೆ "ಸಿದ್ಧರಾಗಿ", ಕೆಂಪಿಗೆ "ಕ್ರಮ ಕೈಗೊಳ್ಳಿ". ಹಸಿರಿಗೆ ಇಲಾಖೆಯ ಮಾತು "ಎಚ್ಚರಿಕೆ ಇಲ್ಲ". ಡಿಸೆಂಬರ್ ಮೊದಲ ವಾರದ ಒಂದು ಭಾನುವಾರ ಸಂಜೆ, ಇಷ್ಟು ಸುತ್ತು ಬಳಸಿ ಹೇಳುವುದೇಕೆ, ಓದುಗರಿಗೆ ನೇರವಾಗಿ ತಿಳಿಯಲಿ ಎಂದು ನಾನು ಆ ಸಾಲನ್ನು ತಿದ್ದಿದೆ. ಸೋಮವಾರದ ಪತ್ರಿಕೆಯಲ್ಲಿ ನಾಲ್ಕು ಹಸಿರು ಮನೆ, ಕೆಳಗೆ ದಪ್ಪಕ್ಷರದಲ್ಲಿ "ಮಳೆ ಇಲ್ಲ".

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕಚೇರಿಗೆ ಫೋನ್ ಬಂತು. ಮುಳಬಾಗಿಲು ತಾಲ್ಲೂಕಿನ ಬೈರಕೂರಿನಿಂದ ಒಬ್ಬ ರೈತ ಮಹಿಳೆ.

"ಪೇಪರ್ ಆಫೀಸಾ? ಅಲ್ಲಿ ಹಸಿರು ಬಣ್ಣ ಬಳಿಯೋರು ಯಾರವ್ರೆ? ಅವರಿಗೆ ಕೊಡಿ."

"ನಾನೇ, ಹೇಳಿ."

"ನೀವೇನಾ? ಒಳ್ಳೇದಾಯ್ತು. ನಿನ್ನೆ ಮಳೆ ಇಲ್ಲ ಅಂತ ಹಾಕಿದ್ರಲ್ಲ ಮೇಡಂ, ಆ ಇಲ್ಲದ ಮಳೇಲಿ ನಮ್ ರಾಗಿ ನೆಂದು ಮಲಗೈತೆ. ಒಂದ್ ಸಲ ಬಂದು ನೋಡ್ಕೊಂಡು ಹೋಗಿ."

ದನಿಯಲ್ಲಿ ಕೂಗಾಟವಿರಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಪ್ರಶ್ನೆ ಕೇಳುತ್ತಾ ಬರೆದುಕೊಂಡೆ. ಅಕ್ಕಪಕ್ಕದ ನಾಲ್ಕು ಮನೆಯವರ ರಾಗಿ. ಗಾಳಿಗೆ ಅಡ್ಡಬಿದ್ದ ಪೈರಿಗೆ ಯಂತ್ರ ಹೋಗುವುದಿಲ್ಲವಾದ್ದರಿಂದ ಕೈಕೊಯ್ಲು. ಈ ನಾಲ್ಕು ಮನೆಯವರು ಮುಯ್ಯಾಳು ಪದ್ಧತಿಯಲ್ಲಿ ದುಡಿಯುತ್ತಾರೆ. ಇವತ್ತು ಎಲ್ಲರೂ ಸೇರಿ ಒಬ್ಬರ ಹೊಲ ಕೊಯ್ದರೆ, ಎರಡು ದಿನ ಬಿಟ್ಟು ಇನ್ನೊಬ್ಬರದು. ಕೊಯ್ದ ರಾಗಿ ಹೊಲದಲ್ಲೇ ಒಣಗಿ ಕಟ್ಟಾಗಿ ಮೆದೆ ಸೇರಿದ ಮೇಲೇ ಮುಂದಿನ ಹೊಲಕ್ಕೆ ಕುಡುಗೋಲು. ಅಂದರೆ ಯಾವತ್ತಿಗೂ ಒಂದು ಹೊಲದ ಪೈರು ಮಾತ್ರ ನೆಲದ ಮೇಲಿರುತ್ತದೆ. ಮಳೆ ಬಂದರೂ ನಾಲ್ಕರಲ್ಲಿ ಒಂದು ಪಾಲಷ್ಟೇ ನೆನೆಯುತ್ತದೆ. ಸೋಮವಾರ ನಮ್ಮ ಚೌಕ ನೋಡಿ ಅವರು ಆ ಪದ್ಧತಿ ಬಿಟ್ಟಿದ್ದರು. ಗೌನಿಪಲ್ಲಿಯಿಂದ ನೆಂಟರನ್ನೂ ಕರೆಸಿಕೊಂಡು ನಾಲ್ಕೂ ಹೊಲ ಒಂದೇ ದಿನ ಕೊಯ್ದು ಹಾಕಿದ್ದರು. ಅದೇ ಸಂಜೆ ಆರಕ್ಕೆ ಹಿಡಿದ ಸೋನೆ ಮಂಗಳವಾರ ಬೆಳಗಿನವರೆಗೆ ಬಿಟ್ಟಿರಲಿಲ್ಲ.

"ಇನ್ನೊಂದು ಸಲ ನೆಂದ್ರೆ ತೆನೆ ಮೇಲೇ ಮೊಳಕೆ ಬರ್ತದೆ ಮೇಡಂ. ಆಮೇಲೆ ಹಿಟ್ಟೂ ಇಲ್ಲ, ಬಿತ್ತನೇನೂ ಇಲ್ಲ. ನಾಲ್ಕು ಮನೆ ವರ್ಷದ ಮುದ್ದೆ ಅದು. ಈಗ ನೀವೇ ಹೇಳಿ, ಇನ್ನೂ ಬರ್ತದಾ, ನಿಂತ್ಕೊಳ್ತದಾ?"

ವಿಚಾರಿಸಿ ಹೇಳುತ್ತೇನೆ ಎಂದೆ. ಮೊದಲು ಮಾಡಬೇಕಾದ್ದು ತಪ್ಪು ಯಾರದು ಎಂದು ನೋಡುವ ಕೆಲಸ. ಭಾನುವಾರದ ಪ್ರಕಟಣೆಯನ್ನು ಮತ್ತೆ ತೆರೆದೆ. ಮೊದಲ ಪುಟದಲ್ಲಿ ಹಸಿರು ನಕ್ಷೆ ಸರಿಯಾಗಿಯೇ ಇತ್ತು. ಎರಡನೇ ಪುಟದಲ್ಲಿ ಜಿಲ್ಲಾವಾರು ಪಟ್ಟಿ. ಕೋಲಾರದ ಎದುರು: "ಹಲವೆಡೆ ಹಗುರ ಮಳೆ ಸಾಧ್ಯತೆ." ಆ ಪುಟವನ್ನು ನಾನು ತೆರೆದೇ ಇರಲಿಲ್ಲ. ಚೌಕಕ್ಕೆ ಬೇಕಾದ್ದು ಬಣ್ಣ, ಬಣ್ಣ ಇದ್ದದ್ದು ಮೊದಲ ಪುಟದಲ್ಲಿ.

ಹವಾಮಾನ ಕೇಂದ್ರದ ಅಧಿಕಾರಿಯೊಬ್ಬರಿಗೆ ಫೋನ್ ಮಾಡಿದೆ. ಸುದ್ದಿಗೆಂದು ಅವರನ್ನು ಹಿಂದೆ ಎರಡು ಮೂರು ಸಲ ಮಾತಾಡಿಸಿದ್ದೆ. ಅವರು ನನ್ನ ಮಾತು ಪೂರ್ತಿ ಕೇಳಿಸಿಕೊಂಡು ಮೇಷ್ಟರ ಹಾಗೆ ನಿಧಾನವಾಗಿ ಹೇಳಿದರು.

"ಮೇಡಂ, ಮಳೆಗೆ ಹಳದಿ ಬರಬೇಕಾದ್ರೆ ಒಂದು ದಿನದಲ್ಲಿ ಸುಮಾರು ಆರೂವರೆ ಸೆಂಟಿಮೀಟರ್ ಬೀಳೋ ಹಾಗಿರಬೇಕು. ಅದಕ್ಕಿಂತ ಕಡಿಮೆ ಇದ್ರೆ ಹಸಿರು. ಹಸಿರು ಅಂದ್ರೆ ಎಚ್ಚರಿಕೆ ಕೊಡೋವಷ್ಟು ಮಳೆ ಇಲ್ಲ ಅಂತ. ನಿಮ್ಮ ಕಡೆ ಚಳಿಗಾಲದ ಮಳೆ ಬಹಳಷ್ಟು ಹಸಿರಿನೊಳಗೇ ಬಂದು ಹೋಗುತ್ತೆ. ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಆದ್ರೆ ಸಾಕು, ಕೋಲಾರದ ಮೇಲೆ ತಗ್ಗಿನಲ್ಲಿ ಪದರ ಮೋಡ ಹಾಸಿಬಿಡುತ್ತೆ. ಗುಡುಗಿಲ್ಲ, ಸಿಡಿಲಿಲ್ಲ. ಸುಮ್ಮನೆ ಜಿನುಗುತ್ತಾ ಇರುತ್ತೆ. ಊರಿಗೆ ಅದು ಮಳೆನೇ ಅಲ್ಲ. ಕೊಯ್ದ ರಾಗಿಗೆ ಪ್ರವಾಹ."

"ಮುಂದಿನದು ಯಾವಾಗ ಸರ್?"

"ಕೊಲ್ಲಿಯಲ್ಲಿ ಇನ್ನೊಂದಿದೆ. ನಾಳೆ ಬುಧವಾರ ಒಣ. ಗುರುವಾರ ಮಧ್ಯಾಹ್ನದವರೆಗೂ ಒಣ ಇರಬಹುದು. ಆಮೇಲೆ ಎರಡು ಮೂರು ದಿನ ಇದೇ ಥರ ಸೋನೆ. ಬಣ್ಣ ಹಸಿರೇ ಇರುತ್ತೆ, ನೋಡ್ತಿರಿ."

ಮಧ್ಯಾಹ್ನ ಸ್ಕೂಟರ್ ಹತ್ತಿ ಬೈರಕೂರಿಗೆ ಹೋದೆ. ಸೋನೆ ನಿಂತು ಮೋಡ ಒಡೆಯುತ್ತಿತ್ತು. ಹೊಲದ ಬದುವಿನ ಮೇಲೆ ನಾಲ್ಕೈದು ಜನ ನಿಂತಿದ್ದರು. ಫೋನ್ ಮಾಡಿದಾಕೆ ಐವತ್ತರ ಆಸುಪಾಸಿನವರು, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದರು. ನಾನು ಅವರನ್ನು ಅಕ್ಕ ಎಂದು ಕರೆದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದಲ್ಲಿದ್ದ ತಮ್ಮ ಅತ್ತೆಯವರ ಕಡೆ ತಿರುಗಿ ತೆಲುಗಿನಲ್ಲಿ, "ಈಮೇ ಅತ್ತಾ, ವಾನ ಲೇದನ್ನಾಮೆ" ಎಂದು ಪರಿಚಯಿಸಿದರು. ಮಳೆ ಇಲ್ಲ ಅಂದಾಕೆ ಇವಳೇ ಎಂದು. ಆ ಅಜ್ಜಿ ಬಾಯ್ತುಂಬ ನಕ್ಕರು. ಅಂದಿನಿಂದ ಆ ಊರಲ್ಲಿ ನನ್ನ ಹೆಸರು ಅದೇ.

ಅಧಿಕಾರಿ ಹೇಳಿದ್ದನ್ನು ಹೇಳಿದೆ. ಅಕ್ಕ ಬೆರಳೆಣಿಸತೊಡಗಿದರು.

"ಬುಧವಾರ ಪೂರ್ತಿ, ಗುರುವಾರ ಅರ್ಧ. ಆದ್ರೆ ಈಗ ಇಬ್ಬನಿ ಬೀಳ್ತದೆ ಮೇಡಂ. ಹತ್ತು ಗಂಟೆ ಆಗೋವರೆಗೂ ಹೊಲ ಒದ್ದೆ. ಸಾಯಂಕಾಲ ಐದಕ್ಕೆ ಮತ್ತೆ ಥಂಡಿ. ನಾಳೆ ಏಳು ಗಂಟೆ ಬಿಸಿಲು, ನಾಡಿದ್ದು ಎರಡು ಗಂಟೆ. ಒಂಬತ್ತು. ಅಷ್ಟು ಸಿಕ್ರೆ ತಿರುವಿ ಹಾಕಿ ಒಣಗಿಸಿ, ನಾಡಿದ್ದು ಮಧ್ಯಾಹ್ನದೊಳಗೆ ಕಟ್ಟು ಕಟ್ಟಿ ಮೆದೆ ಹಾಕಿಬಿಡ್ತೀವಿ."

ಅವರು ಹಗಲನ್ನು ದಿನಗಳಲ್ಲಿ ಎಣಿಸದೆ ಒಣ ಗಂಟೆಗಳಲ್ಲಿ ಎಣಿಸಿದ್ದನ್ನು ನಾನು ಪುಸ್ತಕದಲ್ಲಿ ಅಡಿಗೆರೆ ಎಳೆದು ಬರೆದುಕೊಂಡೆ. ನಮ್ಮ ಚೌಕ ಕೊಡದೇ ಇದ್ದದ್ದು ಅದೇ.

ಸಂಜೆ ಸಂಪಾದಕರ ಎದುರು ಕೂತೆ. ಅವರು ತಿದ್ದುಪಡಿಗೆ ಹೆದರುವವರಲ್ಲ. ಆದರೆ ತಿದ್ದುಪಡಿ ಎಂದರೆ ಐದನೇ ಪುಟದ ಕೆಳಗೆ ಎರಡು ಸಾಲು ಎಂಬುದು ಅವರ ಕಾಲದಿಂದ ನಡೆದುಬಂದ ಪದ್ಧತಿ.

"ತಪ್ಪು ಎಲ್ಲಿ ಬಿದ್ದಿತ್ತೋ ಅಲ್ಲೇ ಹಾಕೋಣ ಸರ್. ಅದೇ ಚೌಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ. ಬಣ್ಣ ತೆಗೆದುಬಿಡೋಣ."

"ಬಣ್ಣ ತೆಗೆದು?"

"ಎರಡನೇ ಪುಟದ ಮಾತು ಹಾಕೋಣ. ಎಲ್ಲಿ, ಎಷ್ಟು, ಎಷ್ಟು ಹೊತ್ತಿಗೆ. ಎಷ್ಟು ಗಂಟೆ ಒಣ ಅಂತಾನೂ."

"ನಾವು ಜ್ಯೋತಿಷ್ಯ ಹೇಳೋರಲ್ಲಮ್ಮ. ನಿನ್ನೆ ಮಳೆ ಇಲ್ಲ ಅಂದ್ವಿ, ಬಂತು. ಈಗ ಗುರುವಾರ ಬರುತ್ತೆ ಅಂತೀಯ. ಬರದಿದ್ರೆ?"

"ಆಗ ಇನ್ನೊಂದು ತಿದ್ದುಪಡಿ. ಜಾಗ ಹೇಗೂ ಗೊತ್ತಾಯ್ತಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. ಒಪ್ಪಿಗೆ ಎಂದರ್ಥ. ಬುಧವಾರದ ಪತ್ರಿಕೆಯಲ್ಲಿ ಚೌಕ ಬಿಳಿಯಾಗಿತ್ತು. "ಸೋಮವಾರ 'ಮಳೆ ಇಲ್ಲ' ಎಂದು ಪ್ರಕಟಿಸಿದ್ದು ನಮ್ಮ ತಪ್ಪು. ಹಗುರ ಮಳೆಯ ಮುನ್ಸೂಚನೆ ಇತ್ತು. ಹಸಿರು ಎಂದರೆ ಮಳೆ ಇಲ್ಲ ಎಂದಲ್ಲ." ಅದರ ಕೆಳಗೆ ಬುಧವಾರ ಒಣಹವೆ, ಗುರುವಾರ ಮಧ್ಯಾಹ್ನದ ನಂತರ ಹಲವೆಡೆ ಸೋನೆ ಸಾಧ್ಯತೆ. ಬೆಳಿಗ್ಗೆ ಮಾಲೂರಿನ ಇಟ್ಟಿಗೆ ಗೂಡಿನ ಮೇಸ್ತ್ರಿಯೊಬ್ಬರು ಫೋನ್ ಮಾಡಿ, "ಇದು ಒಳ್ಳೇದು ಕಣಮ್ಮ, ನಮ್ ಹಸಿ ಇಟ್ಟಿಗೆಗೂ ಹಿಂಗೇ ದಿನಾ ಬರೀರಿ" ಎಂದರು.

ಬುಧವಾರ ಹತ್ತಕ್ಕೆ ಮತ್ತೆ ಬೈರಕೂರಲ್ಲಿದ್ದೆ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಒಂದು ತುಣುಕು ಮೋಡವಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಸೈಕಲ್ ನಿಲ್ಲಿಸಿ ಕೇಳಿದರು: "ಏನ್ ಮೇಡಂ, ಮಳೆ ಇಲ್ಲ ಅಂದ್ರೆ ಬರ್ತದೆ, ಬರ್ತದೆ ಅಂದ್ರೆ ಬಿಸಿಲು. ಒಟ್ನಾಗೆ ನೀವು ಹೇಳಿದ್ದಕ್ಕೆ ಉಲ್ಟಾ ನಡ್ಕೊಂಡ್ರೆ ಸಾಕು ಅನ್ನಿ." ನಾಳೆಯ ಸೋನೆಯನ್ನು ಅವರು ಇವತ್ತಿಗೇ ಓದಿಕೊಂಡಿದ್ದರು. ಹೊಲದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಹದಿನೈದು ಇಪ್ಪತ್ತು ಜನ ಸಾಲಾಗಿ ಬಗ್ಗಿ, ನೆಂದ ರಾಗಿಯನ್ನು ಹಿಡಿಹಿಡಿಯಾಗಿ ತಿರುವಿ ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ತೆನೆಯ ಮೇಲ್ಭಾಗ ಬೆಚ್ಚಗಾಯಿತು, ಹುಲ್ಲಿನ ಬುಡದಲ್ಲಿ ಮಾತ್ರ ಇನ್ನೂ ಪಸೆ.

ಎರಡು ಗಂಟೆ ದಾಟಿತ್ತು. ಹುಣಸೆ ಮರದಡಿ ಊಟಕ್ಕೆ ಕೂತಿದ್ದಾಗ ಅಜ್ಜಿ ಕೈ ಚಾಚಿ ಮೇಲೆ ತೋರಿಸಿದರು.

"ಸೂರ್ಯುಡಿಕಿ ಗುಡಿ ಕಟ್ಟಿಂದಿ ಚೂಡು."

ಒಂದು ಕೊಂಬೆಯನ್ನು ಸೂರ್ಯನಿಗೆ ಅಡ್ಡವಾಗಿಟ್ಟುಕೊಂಡು ನೋಡಿದೆ. ಬೆಳಿಗ್ಗೆಯ ನೀಲಿ ಹಾಲು ಬೆರೆಸಿದಂತಾಗಿತ್ತು. ಸೂರ್ಯನ ಸುತ್ತ ದೂರದಲ್ಲಿ ದೊಡ್ಡದೊಂದು ಬೆಳ್ಳನೆ ಬಳೆ. ಅದಕ್ಕೇ ಇಲ್ಲಿಯವರು ಗುಡಿ ಎನ್ನುತ್ತಾರೆ.

"ಗುಡಿ ಸೂರ್ಯನ ಹತ್ರಾನೇ ಇದ್ರೆ ಮಳೆ ದೂರ," ಅಕ್ಕ ಅತ್ತೆಯ ಮಾತನ್ನು ಕನ್ನಡಕ್ಕೆ ತಂದರು. "ಗುಡಿ ದೂರ ಇದ್ರೆ ಮಳೆ ಹತ್ರ ಅಂತಾರೆ. ನೋಡಿ, ಕೈ ಚಾಚಿದ್ರೆ ಒಂದು ಗೇಣು ದೂರ ಐತೆ."

ಅಧಿಕಾರಿಗೆ ಫೋನ್ ಹಚ್ಚಿದೆ. ಬಳೆ ಎಷ್ಟು ದೊಡ್ಡದು ಎಂಬುದೇ ಅವರ ಮೊದಲ ಪ್ರಶ್ನೆ. ಒಂದು ಗೇಣು ಎಂದೆ.

"ಆ ಅಜ್ಜಿ ಸರಿಯಾಗೇ ಹೇಳಿದಾರೆ. ಪುಟ್ಟ ಬಳೆ ಆದ್ರೆ ಅದು ತಗ್ಗಿನ ಮೋಡದ ನೀರಹನಿಯಿಂದ. ಅಷ್ಟು ದೊಡ್ಡದು ಬರೋದು ಬಹಳ ಎತ್ತರದ, ತೆಳ್ಳಗೆ ಪರದೆ ಥರ ಹರಡೋ ಹಿಮಕಣದ ಮೋಡದಿಂದ. ಕೊಲ್ಲಿಯಿಂದ ಬರ್ತಿರೋದರ ಮುಂಚೂಣಿ ಅದು. ಅದರ ಹಿಂದೆ ಮಬ್ಬುಗಾಜಿನ ಥರ ಬೂದು ಮೋಡ, ಅದರ ಹಿಂದೆ ತಗ್ಗಿನ ಪದರ." ಒಂದು ನಿಮಿಷ ಫೋನಿನಲ್ಲಿ ಬೆರಳಚ್ಚಿನ ಸದ್ದು. "ಉಪಗ್ರಹದ ಚಿತ್ರದಲ್ಲೂ ಅಂದುಕೊಂಡಿದ್ದಕ್ಕಿಂತ ಮುಂದೆ ಬಂದಿದೆ. ಮಧ್ಯಾಹ್ನದ ಹೊಸ ಪ್ರಕಟಣೆ ಈಗ ಹೊರಡುತ್ತೆ. ನಾಳೆ ಬೆಳಿಗ್ಗೆಯ ಒಣ ಗಂಟೆಗಳನ್ನ ನಾನಾಗಿದ್ರೆ ಲೆಕ್ಕಕ್ಕೆ ಹಿಡಿಯೋದಿಲ್ಲ."

ಇಪ್ಪತ್ತು ವರ್ಷದ ಸುದ್ದಿಕೆಲಸ ನನಗೆ ಕಲಿಸಿದ್ದ ಒಂದು ನಿಯಮವಿದೆ. ಕೇಳಿದ್ದನ್ನು ಕೇಳಿದ ಹಾಗೆ ತಲುಪಿಸು, ಏನು ಮಾಡಬೇಕೆಂದು ಹೇಳಬೇಡ. ಸೋಮವಾರದ ಚೌಕದಲ್ಲಿ ನಾನು ಮುರಿದದ್ದು ಅದನ್ನೇ. ಈಗ ಅಧಿಕಾರಿಯ ಮಾತನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದೆ. ಅವರಿಗೂ ಪೂರ್ತಿ ಖಚಿತವಿಲ್ಲ ಎಂಬುದನ್ನೂ ಹೇಳಿದೆ.

ಐದಕ್ಕೆ ಇನ್ನು ಎರಡೂವರೆ ಗಂಟೆ ಇತ್ತು. ಹುಲ್ಲಿನ ಬುಡ ಪಸೆಯಿರುವಾಗ ಮೆದೆ ಹಾಕಿದರೆ ಒಳಗೇ ಬಿಸಿಯೇರಿ ಕಪ್ಪಾಗುತ್ತದೆ. ಹೊಲದಲ್ಲೇ ಬಿಟ್ಟರೆ ನಾಳೆ ಮೊಳಕೆ.

"ತೆನೆ ಮಾತ್ರ ಕೊಯ್ಕೊಳ್ಳೋಣ," ಎಂದರು ಅಕ್ಕ.

"ಹುಲ್ಲು?" ನೆರೆಹೊಲದ ಯಜಮಾನರೊಬ್ಬರು ಕೇಳಿದರು. ಅವರ ಮನೆಯಲ್ಲಿ ನಾಲ್ಕು ಹಸುಗಳಿದ್ದವು.

"ಹುಲ್ಲು ನೆನೀಲಿ. ಬಣ್ಣ ಕೆಟ್ರೆ ಹಸ ಏನ್ ಕನ್ನಡಿ ಹಿಡ್ಕೊಂಡು ತಿಂತದಾ? ರಾಗಿ ಉಳೀಬೇಕು."

"ನಾಲ್ಕು ಹೊಲದ ತೆನೆ ಎಲ್ಲಿಡ್ತೀಯೇ? ನಿನ್ ಅಡಿಗೆಮನೇಲಾ?"

ಅಕ್ಕ ರಸ್ತೆಯ ಆಚೆ ನೋಡಿದರು. ಅಲ್ಲೊಂದು ಮಾವಿನ ಶೆಡ್ಡು. ಬೇಸಿಗೆಯಲ್ಲಿ ಹಣ್ಣು ಆರಿಸಿ ಲಾರಿಗೆ ತುಂಬುವ ಜಾಗ, ಡಿಸೆಂಬರಿನಲ್ಲಿ ಬೀಗ. ಮಾಲೀಕರು ಮುಳಬಾಗಿಲಿನ ಒಬ್ಬ ಹಳೆಯ ಹಣ್ಣಿನ ವ್ಯಾಪಾರಿ, ಊರವರಿಗೆಲ್ಲ ಭಾಯ್. ಅಕ್ಕ ನನ್ನ ಕೈಯಿಂದಲೇ ಫೋನ್ ಇಸಿದುಕೊಂಡರು.

"ಭಾಯ್, ನಿಮ್ ಶೆಡ್ಡು ಬೇಕು. ರಾಗಿ ಹಾಕ್ಬೇಕು."

ಆ ಕಡೆಯ ದನಿ ನಮಗೂ ಕೇಳಿಸಿತು. "ಅರೆ, ಮಾವಿನ ಶೆಡ್ಡಲ್ಲಿ ರಾಗಿನಾ? ಆಯ್ತು ಅಕ್ಕ, ಖಾಲಿ ಬಿದ್ದೈತೆ. ಬೀಗದ ಕೈ ತರ್ತೀನಿ."

ಅವರು ಮುಕ್ಕಾಲು ಗಂಟೆಯಲ್ಲಿ ಮೊಪೆಡ್ ಮೇಲೆ ಬಂದರು. ಅಷ್ಟರಲ್ಲಿ ಕುಡುಗೋಲುಗಳು ತೆನೆಯ ಕೆಳಗೆ ಓಡುತ್ತಿದ್ದವು. ತೆನೆಗಳನ್ನು ಗೋಣಿಚೀಲಕ್ಕೆ ತುಂಬಿ ಶೆಡ್ಡಿನ ಬಾಗಿಲಲ್ಲಿ ಒಟ್ಟಿದ್ದರು. ಭಾಯ್ ಒಂದು ಚೀಲದೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ ಹಾಗೇ ನಿಂತರು.

"ಯಾರು ಇದನ್ನ ಚೀಲಕ್ಕೆ ಹಾಕಿದ್ದು? ಈಗ್ಲೇ ಬಿಸಿ ಐತೆ. ಕೈ ಇಟ್ಟು ನೋಡಿ."

ನಾನೂ ಕೈಯಿಟ್ಟೆ. ಒಳಗೆ ಹಸುಗೂಸಿನ ಮೈಯಷ್ಟು ಬೆಚ್ಚಗಿತ್ತು.

"ಮಾವಿನಕಾಯಿ ಮುಚ್ಚಿಟ್ರೆ ಹೆಂಗೆ ಬೇಯ್ತದೋ ಹಂಗೇ ಇದೂನೂ. ಬೆಳಿಗ್ಗೆ ಹೊತ್ತಿಗೆ ನಿಮ್ಗೆ ಬೇಯಿಸಿದ ರಾಗಿ ಸಿಗ್ತದೆ, ನೇರ ಮುದ್ದೆ ಕಟ್ಬೋದು. ಸುರೀರಿ ಹೊರಗೆ. ನಿಮ್ ಟೊಮೇಟೊ ಕ್ರೇಟ್‌ಗಳು ಎಲ್ಲಿ ಅವೆ?"

ಬೈರಕೂರಿನಲ್ಲಿ ಟೊಮೇಟೊ ಕ್ರೇಟ್ ಇಲ್ಲದ ಮನೆಯಿಲ್ಲ. ಬದಿಗಳಲ್ಲಿ ಕಿಂಡಿಯಿರುವ ಆ ಪ್ಲಾಸ್ಟಿಕ್ ಪೆಟ್ಟಿಗೆಗಳು ಟ್ರ್ಯಾಕ್ಟರಿನಲ್ಲಿ ಬಂದವು. ಭಾಯ್ ಮಾವಿನ ಸುಗ್ಗಿಯಲ್ಲಿ ನಿಲ್ಲುವಂತೆ ನಡುವೆ ನಿಂತು ಎಲ್ಲರಿಂದ ಕೆಲಸ ಮಾಡಿಸಿದರು. ಅರ್ಧ ಕ್ರೇಟ್ ಮಾತ್ರ ತುಂಬಬೇಕು. ಒಂದರ ಮೇಲೊಂದು ಇಡುವಾಗ ಅಡ್ಡ-ಉದ್ದ ಬದಲಿಸಬೇಕು. ಸಾಲಿಗೂ ಸಾಲಿಗೂ ನಡುವೆ ಒಬ್ಬರು ಓಡಾಡುವಷ್ಟು ಗಾಳಿಯ ದಾರಿ. ಉಳಿದ ತೆನೆ ನೆಲದ ಮೇಲೆ ಒಂದು ಗೇಣಿಗಿಂತ ದಪ್ಪವಿಲ್ಲದಂತೆ ಹರವಬೇಕು. ಐದೂವರೆಯ ಹೊತ್ತಿಗೆ ಮೂರು ಹೊಲದ ತೆನೆ ಒಳಸೇರಿತು. ನಾಲ್ಕನೆಯದು, ಹಸುಗಳ ಯಜಮಾನರದು, ಉಳಿಯಿತು. ಬೆಳಕು ಸಾಲದೆ ನಿಲ್ಲಿಸಿದರು.

ನಾನು ಹುಣಸೆ ಮರದಡಿಯಿಂದಲೇ ಕಚೇರಿಗೆ ಫೋನ್ ಮಾಡಿ ಗುರುವಾರದ ಚೌಕಕ್ಕೆ ಮಾತು ಹೇಳಿ ಬರೆಸಿದೆ. ಹೊಸ ಪ್ರಕಟಣೆಯ ಪ್ರಕಾರ ಬೆಳಿಗ್ಗೆಯಿಂದಲೇ ಮುಳಬಾಗಿಲು, ಶ್ರೀನಿವಾಸಪುರ ಕಡೆ ಸೋನೆ ಸಾಧ್ಯತೆ. ಒಣ ಗಂಟೆ ನೆಚ್ಚುವಂತಿಲ್ಲ. "ಬಣ್ಣ ಏನು ಬಂದಿದೆ?" ಎಂದು ಸಂಪಾದಕರು ಕೇಳಿದರು. ಹಸಿರು ಎಂದೆ.

ಗುರುವಾರ ಬೆಳಗಾದಾಗ ಸೂರ್ಯ ಕಾಣಲಿಲ್ಲ. ಏಳು ಗಂಟೆಗೇ ಅಕ್ಕನ ಫೋನ್.

"ಮೇಡಂ, ಆಕಾಶ ಬೂದಿ ಬಳ್ದಂಗೈತೆ. ಇಬ್ಬನಿ ಆರೋವರೆಗೂ ಕಾಯಲ್ಲ ನಾವು, ಇಳಿದುಬಿಟ್ವಿ. ಇಪ್ಪತ್ತೈದು ಜನ ಅವ್ರೆ. ಆ ಸೈಕಲ್ ನವನೂ ಬಂದವ್ನೆ, ನಿಮ್ಗೆ ಉಲ್ಟಾ ನಡ್ಕೋಬೇಕು ಅಂದೋನು."

ಒಂಬತ್ತೂಕಾಲಿಗೆ ಕೊನೆಯ ಕ್ರೇಟ್ ಶೆಡ್ಡಿಗೆ ಹೋಯಿತಂತೆ. ಹತ್ತಕ್ಕೆ ಇಪ್ಪತ್ತು ನಿಮಿಷವಿರುವಾಗ ಸೋನೆ ಹಿಡಿಯಿತು. ಕೋಲಾರದ ನನ್ನ ಕಿಟಕಿಗೆ ಅದು ಬಂದದ್ದು ಮಧ್ಯಾಹ್ನ. ಮೂರು ದಿನ ಬಿಡಲಿಲ್ಲ. ಛತ್ರಿ ಬಿಚ್ಚಿದರೆ ಅತಿಯಾಯಿತು, ಮಡಚಿದರೆ ತಲೆ ಒದ್ದೆ, ಅಂಥ ಮಳೆ. ಮೂರೂ ದಿನ ಇಲಾಖೆಯ ನಕ್ಷೆಯಲ್ಲಿ ನಮ್ಮ ಜಿಲ್ಲೆ ಹಚ್ಚಹಸಿರು. ಮೂರೂ ದಿನ ಭಾಯ್ ಬೆಳಿಗ್ಗೆ ಸಂಜೆ ಬಂದು ಕ್ರೇಟ್‌ಗಳಿಗೆ ಕೈ ತೂರಿಸಿ ಬಿಸಿ ನೋಡಿ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿಸಿದರಂತೆ. ಹೊಲದಲ್ಲಿ ಬಿಟ್ಟ ಹುಲ್ಲು ಮಾಸಲಾಯಿತು. ಅದರ ನಡುವೆ ಅಲ್ಲಲ್ಲಿ ಉದುರಿ ಉಳಿದ ತೆನೆಗಳು ಮೊಳಕೆಯೊಡೆದು ಹಸಿರಾಗಿದ್ದವು. ಎಲ್ಲವೂ ಹೊಲದಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮತ್ತೆರಡು ದಿನ ಮೋಡ ಕವಿದೇ ಇದ್ದು, ಮುಂದಿನ ಮಂಗಳವಾರ ಬಿಸಿಲು ಬಂತು. ಚೌಕದಲ್ಲಿ ಮೂರು ದಿನ ಒಣಹವೆ ಎಂದು ಎರಡೂ ಪುಟ ಓದಿಯೇ ಬರೆದಿದ್ದೆ. ಬುಧವಾರ ಸ್ಕೂಟರ್ ರಿಪೇರಿಗೆ ಹೋಗಿದ್ದರಿಂದ ಬಸ್ಸಿನಲ್ಲಿ ಹೊರಟೆ. ಬೈರಕೂರು ಇನ್ನೂ ಒಂದು ಫರ್ಲಾಂಗ್ ಇರುವಾಗ ಬಸ್ಸು ನಿಧಾನವಾಯಿತು. ಮುಂದೆ ಟಾರು ರಸ್ತೆಯ ಅರ್ಧಭಾಗಕ್ಕೆ, ಉದ್ದಕ್ಕೂ, ಕಂದು ಬಣ್ಣದ ತೆನೆ ಹರಡಿತ್ತು. ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲಿ ಎಂದು ನಮ್ಮ ಕಡೆ ಎಲ್ಲರೂ ಮಾಡುವ ಒಕ್ಕಣೆ ಇದು. ಅಪಘಾತಕ್ಕೆ ದಾರಿ, ನಿಲ್ಲಿಸಬೇಕು ಎಂದು ಪ್ರತಿ ಸುಗ್ಗಿಯಲ್ಲೂ ಬರೆಯುವವಳು ನಾನೇ.

"ನೋಡಿ, ಮತ್ತೆ ರೋಡಿಗೇ ಹಾಕವ್ರೆ," ಎಂದು ಕಂಡಕ್ಟರ್ ಗೊಣಗಿದ. "ಈ ಪೇಪರ್ ನೋರು ಇದನ್ನೆಲ್ಲ ಬರೆಯಲ್ಲ."

ರಸ್ತೆಯಂಚಿನಲ್ಲಿ ಅಕ್ಕ ಮೊರ ಹಿಡಿದು ನಿಂತಿದ್ದರು. ಕಿಟಕಿಯಲ್ಲಿ ನನ್ನನ್ನು ಕಂಡು, ಡ್ರೈವರಿಗೆ ಎಡಕ್ಕೆ, ಇನ್ನೂ ಎಡಕ್ಕೆ, ತೆನೆಯ ಮೇಲೆ ಬಾ ಎಂದು ಎರಡೂ ಕೈಯಲ್ಲಿ ಸನ್ನೆ ಮಾಡಿದರು. ಡ್ರೈವರು ಬಸ್ಸನ್ನು ಎಡಕ್ಕೆ ತಂದ. ಚಕ್ರದಡಿ ಒಣಗಿದ ತೆನೆ ಚಟಚಟ ಒಡೆಯುವ ಸದ್ದು ಸೀಟಿನವರೆಗೆ ಬಂತು. ನಾನು ತೆರೆದಿದ್ದ ನೋಟ್ ಪುಸ್ತಕವನ್ನು ಮುಚ್ಚಿ ಚೀಲದೊಳಗಿಟ್ಟೆ.